ಒಂದೇ ಹಳ್ಳಕ್ಕೆ ಹನ್ನೆರಡು ಭೇಟಿ

ಬೀದರ ನಗರವು ನಿಂತಿರುವ ಎತ್ತರದ ಬಯಲಿನ ಅಂಚಿಗೆ ಹೋಗಿ ಕೆಳಗೆ ನೋಡಿದರೆ, ಕೆಂಪು ಕಲ್ಲಿನ ಇಳಿಜಾರಿನ ಬುಡದಲ್ಲಿ ಅಲ್ಲಲ್ಲಿ ಹಸುರಿನ ಗೆರೆಯೊಂದು ಕಾಣಿಸುವುದು. ಮೇಲಿನ ನೆಲವೆಲ್ಲ ಒಣಗಿ ಗಟ್ಟಿಯಾಗಿರುವ ಮಾರ್ಚ್ ತಿಂಗಳಿನಲ್ಲಿಯೂ ಆ ಗೆರೆ ಮಾಸುವುದಿಲ್ಲ. ಅಲ್ಲಿಗೆ ಇಳಿದು ಹೋದರೆ ಈಚಲು, ಅತ್ತಿ, ಹೊಂಗೆ ಗಿಡಗಳ ನಡುವೆ ಮೊಣಕಾಲು ಮುಳುಗದಷ್ಟು ನೀರಿನ ಸಣ್ಣ ಹಳ್ಳವೊಂದು ಸಿಕ್ಕುವುದು. ಅದೇ ಕಾಲದಲ್ಲಿ ಔರಾದ ತಾಲ್ಲೂಕಿನ ಎರೆಭೂಮಿಯಲ್ಲಿ ಇದಕ್ಕಿಂತ ಬಹಳ ಅಗಲವಾದ ಹಳ್ಳದ ಪಾತ್ರವು ಬರಿಯ ಕಲ್ಲುಗುಂಡುಗಳ ದಾರಿಯಾಗಿ ಬಿದ್ದಿರುತ್ತದೆ. ಎರಡು ಕಡೆಗೂ ಬೀಳುವ ಮಳೆಯಲ್ಲಿ ಹೇಳಿಕೊಳ್ಳುವಂತಹ ಅಂತರವಿಲ್ಲ. ಜಿಲ್ಲೆಯ ಸರಾಸರಿ ವರ್ಷಕ್ಕೆ ಸುಮಾರು 850 ಮಿಲಿಮೀಟರು. ಹೀಗಿರಲು ದೊಡ್ಡ ಹಳ್ಳ ಬತ್ತಿ ಚಿಕ್ಕ ಹಳ್ಳ ಉಳಿಯುವುದೇಕೆ?

ಒಂದು ಭೇಟಿಯಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಶ್ರಾವಣದಲ್ಲಿ ನೋಡಿದವನಿಗೆ ಎರಡು ಹಳ್ಳಗಳೂ ಕೆಂಪಗೋ ಕಪ್ಪಗೋ ಕದಡಿ ಹರಿಯುತ್ತಿರುತ್ತವೆ. ಪ್ರಶ್ನೆ ಹುಟ್ಟಬೇಕಾದರೆ ಮತ್ತೆ ಮತ್ತೆ ಹೋಗಬೇಕು. ಹೋದಾಗಲೆಲ್ಲ ಹಿಂದೆ ಕಂಡದ್ದನ್ನು ನೆನಪಿನ ಮೇಲೆ ಬಿಡದೆ ಚಿತ್ರದಲ್ಲಿ ಹಿಡಿದಿಡಬೇಕು. ನೆನಪು ಬಹು ವಂಚಕವಾದುದು. ಹೋದ ವರ್ಷ ನೀರು ಇಲ್ಲಿಯವರೆಗೆ ಇತ್ತೆಂದು ಇಬ್ಬರು ಗೆಳೆಯರು ಎರಡು ಬೇರೆ ಬಂಡೆಗಳನ್ನು ತೋರಿಸಿ ವಾದಿಸಿದ್ದನ್ನು ನಾವು ಕೇಳಿದ್ದೇವೆ.

ಆದರೆ ಚಿತ್ರ ತೆಗೆದ ಮಾತ್ರಕ್ಕೆ ಅವಲೋಕನವಾಗದು. ಮೊದಲ ವರ್ಷ ನಾವು ಮೊಬೈಲಿನಲ್ಲಿ ನೂರಾರು ಚಿತ್ರ ತೆಗೆದೆವು. ಒಂದು ಬೆಳಗಿನದು, ಒಂದು ಸಂಜೆಯದು; ಒಂದು ಈ ದಂಡೆಯಿಂದ, ಇನ್ನೊಂದು ಆ ದಂಡೆಯಿಂದ. ಅವುಗಳಲ್ಲಿ ಕೆಲವು ಅಂದವಾಗಿಯೇ ಇದ್ದವು. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ನೀರು ಇಳಿಯಿತೋ ನಾವು ನಿಂತ ಜಾಗ ಬದಲಾಯಿತೋ ತಿಳಿಯದೆ ಹೋಯಿತು. ಒಂದು ವರ್ಷದ ದುಡಿಮೆ ಹೀಗೆ ವ್ಯರ್ಥವಾಯಿತು.

ಇದಕ್ಕೆ ಪರಿಹಾರವು ಹಳೆಯದೇ. ಬವೇರಿಯದ ಗಣಿತಜ್ಞ ಸೆಬಾಸ್ಟಿಯನ್ ಫಿನ್‌ಸ್ಟರ್‌ವಾಲ್ಡರ್ 1888ರ ಸುಮಾರಿಗೆ ಪೂರ್ವ ಆಲ್ಪ್ಸ್ ಪರ್ವತಗಳ ಹಿಮನದಿಗಳನ್ನು ಗೊತ್ತಾದ ಸ್ಥಾನಗಳಿಂದ ಚಿತ್ರಿಸಿ, ವರ್ಷಗಳ ತರುವಾಯ ಅದೇ ಸ್ಥಾನಗಳಿಂದ ಮತ್ತೆ ಚಿತ್ರಿಸುವ ಕ್ರಮವನ್ನು ಹಾಕಿಕೊಟ್ಟನು. ಆತನಿಗೆ ಹಿಮನದಿ, ನಮಗೆ ಹಳ್ಳ, ನಿಯಮ ಒಂದೇ. ಅಲುಗಾಡದ ಬಂಡೆಯೊಂದನ್ನು ಆರಿಸಿ, ಅದರ ಮೇಲೆ ಮೊಬೈಲನ್ನು ಯಾವ ಎಡೆಯಲ್ಲಿ ಊರಬೇಕೆಂದು ಗುರುತು ಮಾಡಿದೆವು. ಚೌಕಟ್ಟಿನ ಎಡ ಅಂಚಿಗೆ ಅತ್ತಿಯ ಕಾಂಡ, ಬಲ ಅಂಚಿಗೆ ಬಿರುಕು ಬಿಟ್ಟ ಕೆಂಗಲ್ಲು ಬರಬೇಕು. ನೀರಿನಲ್ಲಿ ಅಡಿಪಟ್ಟಿಯಂತೆ ಗೆರೆ ಎಳೆದ ಕೋಲೊಂದು ನಿಂತಿರಬೇಕು. ತಿಂಗಳಿಗೊಮ್ಮೆ, ಮೊದಲ ಭಾನುವಾರ, ಬೆಳಗ್ಗೆ ಎಂಟು ಗಂಟೆಗೆ. ಇಷ್ಟನ್ನು ಪಾಲಿಸಿದ ಮೇಲೆ ಚಿತ್ರಗಳು ತಾವಾಗಿಯೇ ಮಾತನಾಡತೊಡಗಿದವು.

ನೀರಿನ ಒಳಗನ್ನು ಚಿತ್ರಿಸುವಾಗ ಎದುರಾಗುವ ತೊಡಕೆಂದರೆ ಮೇಲ್ಮೈಯ ಹೊಳಪು. ನೀರಿನಿಂದ ಪ್ರತಿಫಲಿಸಿದ ಬೆಳಕು ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಇದನ್ನು ಧ್ರುವೀಕೃತ ಬೆಳಕೆನ್ನುವರು. ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಾಗಿ ನೋಡಿದಾಗ ಈ ಗುಣ ಪರಾಕಾಷ್ಠೆಗೆ ಮುಟ್ಟುವುದು. ಆಗ ಪೋಲರಾಯ್ಡ್ ತಂಪು ಕನ್ನಡಕದ ಗಾಜೊಂದನ್ನು ಮಸೂರದ ಮುಂದೆ ಹಿಡಿದು ಮೆಲ್ಲನೆ ತಿರುಗಿಸಿದರೆ, ಒಂದು ಸ್ಥಿತಿಯಲ್ಲಿ ಹೊಳಪು ಅಳಿದು ತಳದ ಮರಳು ಕಣಕಣವಾಗಿ ಎದ್ದು ಕಾಣುವುದು. ತಳವು ಎಷ್ಟು ಆಳದಲ್ಲಿದೆಯೆಂಬುದನ್ನು ಮಾತ್ರ ಕಣ್ಣಿನಿಂದ ಅಳೆಯಬಾರದು. ನೀರಿನ ವಕ್ರೀಭವನಾಂಕ 1.33 ಆಗಿರುವುದರಿಂದ, ನೇರ ಮೇಲಿನಿಂದ ನೋಡಿದಾಗ ನಾಲ್ಕು ಅಡಿಯ ಮಡುವು ಮೂರೇ ಅಡಿಯಂತೆ ತೋರುವುದು. ಹಳ್ಳಕ್ಕೆ ಇಳಿಯುವ ಹುಡುಗರು ಇದನ್ನು ಪರೀಕ್ಷೆಗಾಗಿಯಲ್ಲ, ಪ್ರಾಣಕ್ಕಾಗಿ ನೆನಪಿಡಬೇಕು.

ಈ ಉಪಾಯದಿಂದ ನಮಗೆ ಅನಿರೀಕ್ಷಿತವಾದ ಲಾಭವೊಂದಾಯಿತು. ನವೆಂಬರಿನ ಚಿತ್ರದಲ್ಲಿ ಮಡುವಿನ ತಳದ ತುಂಬ ಅಕ್ಕಿಕಾಳಿಗಿಂತ ತುಸು ಉದ್ದವಾದ ಕಡ್ಡಿಯ ಚೂರುಗಳಂತಹವು ಚದುರಿದ್ದವು. ಕಸವೆಂದು ಬಗೆದು ನಾವು ಅವನ್ನು ಲೆಕ್ಕಿಸಲಿಲ್ಲ. ಜನವರಿಯ ಚಿತ್ರವನ್ನು ಅದರ ಪಕ್ಕದಲ್ಲಿಟ್ಟಾಗ ಬೆರಗಾಯಿತು: ಕಸವೆಲ್ಲವೂ ನೀರು ಇನ್ನೂ ಹರಿಯುತ್ತಿದ್ದ ಬಲಮಗ್ಗುಲಿಗೆ ಸೇರಿಕೊಂಡಿತ್ತು! ಕಸವು ಪ್ರವಾಹದ ಕಡೆಗೆ ತಾನಾಗಿ ನಡೆಯುವುದುಂಟೆ? ಒಂದನ್ನು ಅಂಗೈಯ ನೀರಿನಲ್ಲಿಟ್ಟು ಕಾದೆವು. ಕೊಳವೆಯ ಬಾಯಿಂದ ಕರಿಯ ತಲೆಯೂ ಆರು ಕಾಲುಗಳೂ ಹೊರಬಂದವು. ಕ್ಯಾಡಿಸ್ ಎಂಬ ಕೀಟದ ಮರಿಹುಳುವದು. ತಾನೇ ನೂತ ರೇಷ್ಮೆಯಿಂದ ಮರಳಿನ ಕಣಗಳನ್ನು ಅಂಟಿಸಿ ಮನೆ ಕಟ್ಟಿಕೊಂಡು, ಅದನ್ನು ಹೊತ್ತೇ ತಿರುಗುತ್ತದೆ. ಹರಿಯುವ ನೀರಿನಲ್ಲಿ ಪ್ರಾಣವಾಯು ಹೆಚ್ಚು. ಮಡುವಿನ ಎಡಭಾಗ ನಿಂತ ನೀರಾದಾಗ ಹುಳುಗಳು ವಲಸೆ ಹೋಗಿದ್ದವು. ಎರಡು ಭೇಟಿಗಳಲ್ಲಿ ಕಣ್ಣಾರೆ ನೋಡಿಯೂ ಕಾಣದ್ದನ್ನು ಎರಡು ಚಿತ್ರಗಳು ತೋರಿಸಿದವು. ಚಳಿಗಾಲದಲ್ಲಿ ಬಾಲ ಕುಣಿಸುತ್ತ ಬಂದು ಬೇಸಗೆಗೆ ಮೊದಲು ಉತ್ತರಕ್ಕೆ ಮರಳುವ ಕುಂಡೆಕುಸ್ಕ ಹಕ್ಕಿಗಳು ಹಳ್ಳದ ಅಂಚಿನಲ್ಲಿ ಏನನ್ನು ಹೆಕ್ಕುತ್ತವೆಂಬುದೂ ಅಲ್ಪಸ್ವಲ್ಪ ಅರ್ಥವಾಯಿತು.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಉತ್ತರವು ಹಳ್ಳದ ದಂಡೆಯಲ್ಲಿಯೇ ಇದೆ. ಬೀದರಿನ ಮೇಲ್ಬಯಲು ಜಂಬಿಟ್ಟಿಗೆ ಕಲ್ಲಿನದು. ಇದಕ್ಕೆ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲಪದಕ್ಕೆ ಇಟ್ಟಿಗೆಯೆಂದೇ ಅರ್ಥ. ಕನ್ನಡಿಗನ ಹೆಸರಿನಲ್ಲಿಯೂ ಇಟ್ಟಿಗೆ ಅಡಗಿರುವುದು ಸೊಗಸಾಗಿದೆ. ಬೀದರ ಕೋಟೆಯ ಕಂದಕವನ್ನು ಕೊರೆದುದು ಈ ಕಲ್ಲಿನಲ್ಲಿಯೇ. ರಂಧ್ರಮಯವಾದ ಈ ಕಲ್ಲು ಮಳೆನೀರನ್ನು ಒಳಗೆ ಇಳಿಯಗೊಡುತ್ತದೆ. ಅದರ ಕೆಳಗಿರುವುದು ಜೇಡಿಯ ಪದರ. ಅದರ ಕೆಳಗೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಬಸಾಲ್ಟ್ ಎಂಬ ಕರಿಕಲ್ಲು. ಇಳಿದ ನೀರು ಅಲ್ಲಿ ತಡೆಗೊಂಡು ಪಕ್ಕಕ್ಕೆ ಸರಿದು, ಬಯಲಿನ ಅಂಚಿನಲ್ಲಿ ಝರಿಯಾಗಿ ಒಸರುವುದು. ಗುರುನಾನಕ ಝೀರಾ, ನರಸಿಂಹ ಝರಣಿ ಎಂಬ ಪುಣ್ಯಸ್ಥಳಗಳ ಹೆಸರುಗಳಲ್ಲಿಯೇ ಝರಿಯ ಮಾತಿದೆ. ಬಹಮನಿ ಅರಸರ ಕಾಲದಲ್ಲಿ, 15ನೆಯ ಶತಮಾನದಲ್ಲಿ, ನೌಬಾದಿನ ಬಳಿ ಕೊರೆದ ಸುರಂಗ ಬಾವಿಯೂ ಈ ನೆಲದೊಳಗಿನ ನೀರನ್ನು ಹಿಡಿದು ತರುವುದಕ್ಕಾಗಿಯೇ. ಅದರ ಉದ್ದಕ್ಕೂ ಗಾಳಿ ಬೆಳಕಿಗೆಂದು 20ಕ್ಕೂ ಹೆಚ್ಚು ಬಾಯಿಗಳನ್ನು ತೆಗೆದಿದ್ದಾರೆ.

ಔರಾದ ಕಡೆ ಈ ಕೆಂಪು ಹೊದಿಕೆ ಇಲ್ಲದ ಎರೆನೆಲವೇ ಹೆಚ್ಚು. ಎರೆಮಣ್ಣು ಒಮ್ಮೆ ನೆನೆದು ಉಬ್ಬಿತೆಂದರೆ ಬಿರುಕುಗಳು ಮುಚ್ಚಿ, ಮುಂದಿನ ಮಳೆ ಮೇಲೆಯೇ ಹರಿದು ಮಾಂಜ್ರಾ ನದಿಯನ್ನು ಸೇರುತ್ತದೆ. ಭಾಲ್ಕಿಯ ಹತ್ತಿರ ನಾವು ನೋಡುವ ಹಳ್ಳವು ಇವೆರಡರ ನಡುವಿನದು: ದೀಪಾವಳಿಯ ಹೊತ್ತಿಗೆ ಹರಿವು ನಿಂತರೂ ಕೆಲವು ಮಡುಗಳು ಸಂಕ್ರಾಂತಿಯವರೆಗೆ ಉಳಿಯುತ್ತವೆ. ಸತತವಾಗಿ ಮಳೆ ತಪ್ಪಿದರೆ ಈ ಕರಿಕಲ್ಲಿನ ನಾಡಿನ ಗತಿಯೇನೆಂಬುದು, ಮಾಂಜ್ರಾ ನದಿಯ ಮೇಲ್ಭಾಗದ ಲಾತೂರಿಗೆ 2016ರ ಏಪ್ರಿಲಿನಲ್ಲಿ ರೈಲಿನಲ್ಲಿ ನೀರು ಸಾಗಿಸಬೇಕಾಗಿ ಬಂದಾಗ ಎಲ್ಲರಿಗೂ ತಿಳಿಯಿತು.

ಚಿತ್ರದ ಜೊತೆಗೆ ಒಂದು ಅಳತೆಯೂ ಬೇಕು. ಹಳ್ಳವು ಕಲ್ಲಿನ ಮೇಲಿಂದ ಧುಮುಕುವ ಎಡೆಯಲ್ಲಿ ಬಕೀಟು ಹಿಡಿದು, ತುಂಬುವ ಹೊತ್ತನ್ನು ಎಣಿಸಬೇಕು. 15 ಲೀಟರಿನ ಬಕೀಟು 20 ಸೆಕೆಂಡಿನಲ್ಲಿ ತುಂಬಿದರೆ ದಿನಕ್ಕೆ 64,800 ಲೀಟರು ಹರಿದಂತಾಯಿತು. ಮಳೆಯಿಲ್ಲದ ತಿಂಗಳುಗಳಲ್ಲಿ ಝರಿಯ ಹರಿವು ಸರಿಸುಮಾರು ಒಂದೇ ಪ್ರಮಾಣದಲ್ಲಿ ಕುಗ್ಗುತ್ತ ಹೋಗುವುದು. ಡಿಸೆಂಬರಿನಲ್ಲಿ 20 ಸೆಕೆಂಡು, ಫೆಬ್ರವರಿಯಲ್ಲಿ 40 ಸೆಕೆಂಡು ಆದರೆ, ಏಪ್ರಿಲಿನಲ್ಲಿ 80ರ ಆಸುಪಾಸು ನಿರೀಕ್ಷಿಸಬಹುದು. ಅದಕ್ಕಿಂತ ಬಹಳ ಹೆಚ್ಚಾದರೆ ಒಳಗಿನ ನೀರನ್ನು ಬೇರೆ ಏನೋ ಸೆಳೆಯುತ್ತಿರಬಹುದೆಂದು ಸಂಶಯಿಸಬೇಕು.

ನಮ್ಮ ಹಳ್ಳದಲ್ಲಿ ಮೂರನೆಯ ಬೇಸಗೆಯ ಬಕೀಟು ಎರಡನೆಯ ಬೇಸಗೆಗಿಂತ ನಿಧಾನವಾಗಿ ತುಂಬಿತು. ಚಿತ್ರದಲ್ಲಿಯೂ ಕೋಲಿನ ಮೇಲೆ ಒಂದು ಗೆರೆ ಹೆಚ್ಚಾಗಿ ಬಯಲಾಗಿದೆ. ಮೇಲ್ಬಯಲಿನ ಮೇಲೆ ಮನೆಗಳೂ ಸಿಮೆಂಟಿನ ಅಂಗಳಗಳೂ ಕೊಳವೆ ಬಾವಿಗಳೂ ಹೆಚ್ಚುತ್ತಿವೆಯೆಂಬುದು ನಿಜ. ಆದರೆ ಆ ವರ್ಷ ಹಿಂಗಾರು ಮಳೆಯೂ ಕಡಿಮೆಯಿತ್ತು. ಇವೆರಡರಲ್ಲಿ ತಪ್ಪು ಯಾವುದರದೆಂದು ಹೇಳಲು ಮೂರು ವರ್ಷ ಸಾಲದು. ಒಳ್ಳೆಯ ಮಳೆಯಾದ ವರ್ಷವೂ ಬಕೀಟು ತಡವಾದರೆ ಆಗ ಉತ್ತರ ದೊರೆತಂತೆ. ಅದಕ್ಕಾಗಿ ಈಗ ಮಳೆಯ ಲೆಕ್ಕವನ್ನೂ ಚಿತ್ರಗಳ ಪಕ್ಕದಲ್ಲಿ ಬರೆದಿಡುತ್ತಿದ್ದೇವೆ. ಬಂಡೆಯ ಮೇಲಿನ ಗುರುತು ಮಳೆಗೆ ಮಾಸಿದ್ದರಿಂದ ಈ ಬಾರಿ ಉಳಿಯಿಂದ ಸಣ್ಣದಾಗಿ ಕೊರೆದಿದ್ದೇವೆ.