ಒಂದು ಮಗುವಿಗೆ ಇಪ್ಪತ್ತು ನಿಮಿಷ

ನಿಮ್ಮ ಮನೆಯ ಮೂರನೇ ತರಗತಿಯ ಮಗು ಪಾಠವನ್ನು ಗಡಗಡನೆ ಓದುತ್ತಿದೆಯೇ? ಸಾಲಿನ ನಡುವಿನ ಒಂದೇ ಒಂದು ಪದವನ್ನು ತೋರಿಸಿ ಕೇಳಿ ನೋಡಿರಿ. ತಡವರಿಸಿದರೆ ಅದು ಓದುತ್ತಿಲ್ಲ, ಬಾಯಿಪಾಠ ಒಪ್ಪಿಸುತ್ತಿದೆ.

ಇಂತಹ ಮಕ್ಕಳು ಬೆರಳೆಣಿಕೆಯಷ್ಟಲ್ಲ. 'ಅಸರ್' ಸಮೀಕ್ಷೆಯಂತೆ, 2024ರಲ್ಲಿ ದೇಶದ ಗ್ರಾಮೀಣ ಸರಕಾರಿ ಶಾಲೆಗಳ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ. 23.4 ಮಾತ್ರ. ನಮ್ಮ ಅನೇಕ ಮನೆಗಳ ಮಾತು ಉರ್ದು ಅಥವಾ ಬ್ಯಾರಿ, ಶಾಲೆಯದು ಕನ್ನಡ. ಮಗುವಿಗೆ ಅಕ್ಷರವೂ ಹೊಸದು, ಪದವೂ ಹೊಸದು. ಜೊತೆಗೆ ಕಾಗುಣಿತ, ಒತ್ತಕ್ಷರ. ನಾವೋ "ದಡ್ಡ" ಎಂದುಬಿಡುತ್ತೇವೆ. ಅಂದಿನಿಂದ ಮಗು ಪುಸ್ತಕ ಕಂಡರೆ ಹೆದರುತ್ತದೆ.

ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ 2005-06ರಲ್ಲಿ 'ಪ್ರಥಮ್' ಸಂಸ್ಥೆಯು ಹಳ್ಳಿಯ ಯುವಕ ಯುವತಿಯರಿಗೆ ಕೆಲವು ದಿನಗಳ ತರಬೇತಿ ಕೊಟ್ಟಿತು. ಅವರು ಸಂಬಳವಿಲ್ಲದೆ, ಶಾಲೆಯ ಸಮಯದ ಹೊರಗೆ ಮಕ್ಕಳಿಗೆ ಓದು ಕಲಿಸಿದರು. ಬಂದ ಮಕ್ಕಳ ಓದು ಸ್ಪಷ್ಟವಾಗಿ ಸುಧಾರಿಸಿತು. ಆದರೆ ಅಗತ್ಯವಿದ್ದ ಹೆಚ್ಚಿನ ಮಕ್ಕಳು ಬರಲೇ ಇಲ್ಲ. ಇದರಲ್ಲಿ ನಮಗೆ ಎರಡು ಪಾಠಗಳಿವೆ: ಓದು ಕಲಿಸಲು ದೊಡ್ಡ ಪದವಿ ಬೇಕಿಲ್ಲ, ಮಗು ತಾನಾಗಿ ಬರುವುದೆಂದು ಕಾದು ಕೂರಲೂಬಾರದು.

ಹೇಗೆ ಆರಂಭಿಸುವುದು? ಮಗುವಿಗೆ ಅಕ್ಷರ ಗೊತ್ತೇ, ಪದ ಗೊತ್ತೇ, ಸರಳ ವಾಕ್ಯ ಓದಬಲ್ಲದೇ ಎಂದು ಮೊದಲು ತಿಳಿಯಿರಿ. ಐದನೇ ತರಗತಿಯಲ್ಲಿದ್ದರೂ ಸರಿ, ಅದು ಎಡವುವಲ್ಲಿಂದಲೇ ಆರಂಭಿಸಿರಿ. ಪ್ರತಿದಿನ ಇಪ್ಪತ್ತು ನಿಮಿಷ ಸಾಕು. ಮೊದಲು ನೀವು ಪದಗಳ ಕೆಳಗೆ ಬೆರಳಿಟ್ಟು ಓದಿರಿ, ನಂತರ ಜೊತೆಯಾಗಿ ಓದಿರಿ, ಕೊನೆಗೆ ಮಗುವೊಂದೇ ಓದಲಿ. ತಪ್ಪಿದರೆ ಸ್ವಲ್ಪ ಕಾದು, ನಂತರ ಹೇಳಿಕೊಡಿರಿ. ಅಣ್ಣ ತಂಗಿಯರೊಂದಿಗೆ ಹೋಲಿಸಬೇಡಿರಿ. ಕನ್ನಡ ಓದಲು ಬಾರದ ತಾಯಿಯೂ ಪಕ್ಕದಲ್ಲಿ ಕುಳಿತು "ಮುಂದೇನಾಯಿತು?" ಎಂದು ಮನೆಮಾತಿನಲ್ಲಿ ಕೇಳಬಹುದು. ಅರ್ಥವಾಗಿದ್ದರೆ ಮಗು ಕಥೆ ಹೇಳುತ್ತದೆ.

ಹಿಜರಿ 2ರಲ್ಲಿ (ಕ್ರಿ.ಶ. 624) ನಡೆದ ಬದ್ರ್ ಯುದ್ಧದ ಬಳಿಕ ಏನಾಯಿತೆಂಬುದನ್ನು ನೆನಪಿಸಿಕೊಳ್ಳಿರಿ. ವಿಮೋಚನಾ ಧನ ಕೊಡಲಾಗದ, ಆದರೆ ಓದು ಬರಹ ಬಲ್ಲ ಕೈದಿಗಳು ಮದೀನಾದ ಹತ್ತು ಹತ್ತು ಮಕ್ಕಳಿಗೆ ಅಕ್ಷರ ಕಲಿಸಿ ಬಿಡುಗಡೆ ಪಡೆದರೆಂದು ಚರಿತ್ರೆಯ ವರದಿಗಳಿವೆ. ಶತ್ರುಗಳಿಂದಲೂ ಮಕ್ಕಳಿಗೆ ಅಕ್ಷರ ಕಲಿಸಿದ ಪ್ರವಾದಿಯವರ(ಸ) ಅನುಯಾಯಿಗಳು ನಾವು. ನೆರೆಮನೆಯ ಒಂದು ಮಗುವಿಗೆ ಇಪ್ಪತ್ತು ನಿಮಿಷ ಕೊಡಲು ನಮ್ಮಿಂದಾಗದೇ? ಆ ಮಗು ಯಾರೆಂದು ಇಂದೇ ಯೋಚಿಸಿರಿ. ನಾಳೆ ಅಸರ್ ನಮಾಝಿನ ಬಳಿಕ ಅದನ್ನು ಪ್ರೀತಿಯಿಂದ ಕರೆಯಿರಿ.