ಸ್ಕ್ಯಾನ್ ಯಂತ್ರದೊಳಗಿನ ಬೆಂಗಳೂರು

ಪ್ರಶ್ನೆ: ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಅಪ್ಪ ಅಡಿಕೆ ಚೇಣಿ ಹಿಡಿಯುತ್ತಾರೆ. ಬಿಎಸ್ಸಿಗೆ ಸೇರಿ ಭೌತಶಾಸ್ತ್ರ ಓದುತ್ತೇನೆ ಎಂದರೆ ಮನೆಯಲ್ಲಿ ‘ಅದರಿಂದ ಯಾರಿಗೇನು ಉಪಯೋಗ?’ ಅನ್ನುತ್ತಾರೆ. ಆಸ್ಪತ್ರೆಯ ಸ್ಕ್ಯಾನ್ ಯಂತ್ರಗಳೆಲ್ಲ ಭೌತಶಾಸ್ತ್ರದಿಂದಲೇ ಬಂದವಂತೆ. ಅದರಲ್ಲಿ ನಮ್ಮ ಕಡೆಯದು ಏನಾದರೂ ಇದೆಯೇ ಸರ್?
– ವಿದ್ಯಾರ್ಥಿನಿ, ಭೀಮಸಮುದ್ರ

ಉತ್ತರ: ಇದೆ ಕಣಮ್ಮ. ಅಪ್ಪನಿಗೂ ಓದಿ ಹೇಳು, ಅದಕ್ಕಾಗಿಯೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹೈಡ್ರೋಜನ್ ಪರಮಾಣುವಿನ ನಡುವೆ ಇರುವ ಪ್ರೋಟಾನನ್ನು ಬಲವಾದ ಕಾಂತದೊಳಗೆ ಇಟ್ಟರೆ ಅದು ಒಂದು ನಿರ್ದಿಷ್ಟ ರೇಡಿಯೋ ತರಂಗಕ್ಕೆ ಮಾತ್ರ ಓಗೊಡುತ್ತದೆ. ಇದನ್ನು 1946ರಲ್ಲಿ ಅಮೆರಿಕದ ಬ್ಲಾಕ್ ಮತ್ತು ಪರ್ಸೆಲ್ ಬೇರೆ ಬೇರೆಯಾಗಿ ತೋರಿಸಿಕೊಟ್ಟರು. ಐದೇ ವರ್ಷಕ್ಕೆ, 1951ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಎಂಬ ಭೌತವಿಜ್ಞಾನಿ ಒಂದು ಹೊಸ ಪ್ರಶ್ನೆ ಎತ್ತಿದರು: ದ್ರವ ಹರಿಯುತ್ತಿದ್ದರೆ ಏನಾಗುತ್ತದೆ? ನಿಂತ ದ್ರವದ ಪ್ರೋಟಾನುಗಳು ರೇಡಿಯೋ ತರಂಗವನ್ನು ಹೀರಿ ಹೀರಿ ಸಾಕಾಗಿ, ಅವುಗಳ ಸಂಕೇತ ಕುಗ್ಗುತ್ತದೆ. ಹರಿಯುವ ದ್ರವದಲ್ಲಾದರೋ ಹೊಸ ಪ್ರೋಟಾನುಗಳು ಒಳಗೆ ಬರುತ್ತಲೇ ಇರುತ್ತವೆ, ಸಂಕೇತ ಗಟ್ಟಿಯಾಗುತ್ತದೆ. ಅಂದರೆ ಸಂಕೇತದ ಬಲ ನೋಡಿ ಹರಿವನ್ನು ಅಳೆಯಬಹುದು. ಈ ಪ್ರಬಂಧ ಅಚ್ಚಾದದ್ದೂ ಇಲ್ಲಿಯದೇ ಪತ್ರಿಕೆಯಲ್ಲಿ, ರಾಮನ್ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ‘ಪ್ರೊಸೀಡಿಂಗ್ಸ್’ನಲ್ಲಿ.

ಪ್ರೋಟಾನುಗಳ ಇದೇ ಸಂಕೇತದಿಂದ ದೇಹದ ಒಳಚಿತ್ರ ತೆಗೆಯುವ ಎಂಆರ್‌ಐ ಆಗ ಇನ್ನೂ ಹುಟ್ಟಿರಲಿಲ್ಲ. ಈ ವಿದ್ಯೆಯಿಂದ ಲಾಟರ್ಬರ್ ಎಂಬ ವಿಜ್ಞಾನಿ ಮೊದಲ ಚಿತ್ರ ಪ್ರಕಟಿಸಿದ್ದು 1973ರಲ್ಲಿ. ಇಂದು ಮೆದುಳಿನ ರಕ್ತನಾಳಗಳನ್ನು ಯಾವ ಇಂಜೆಕ್ಷನ್ನೂ ಇಲ್ಲದೆ ಎಂಆರ್‌ಐನಲ್ಲಿ ಬೆಳ್ಳಗೆ ಕಾಣಿಸುವ ಒಂದು ವಿಧಾನವಿದೆ. ಅಲ್ಲಿ ಹೊಸ ರಕ್ತ ಒಳಗೆ ಬಂದಾಗ ಸಂಕೇತ ಏರುತ್ತದೆಯಲ್ಲ, ಅದು ಸೂರ್ಯನ್ ಕೊಳವೆಯಲ್ಲಿ ಕಂಡದ್ದೇ.

ಇನ್ನು ಸಿಟಿ ಸ್ಕ್ಯಾನಿಗೆ ಬಂದರೆ, ಅಲ್ಲಿರುವ ಹೆಸರು ಜಿ.ಎನ್. ರಾಮಚಂದ್ರನ್. ಕೊಲಾಜನ್ ಎಂಬ ಪ್ರೋಟೀನಿನ ಮೂರೆಳೆಯ ರಚನೆ ಬಿಡಿಸಿದವರು. ವಿಜ್ಞಾನ ಸಂಸ್ಥೆಯಲ್ಲಿ ಅಣುಜೈವಿಕ ಭೌತವಿಜ್ಞಾನ ವಿಭಾಗ ಕಟ್ಟಿದವರೂ ಅವರೇ. ಒಂದು ವಸ್ತುವಿನ ನೆರಳನ್ನು ಸುತ್ತ ಎಲ್ಲ ಕಡೆಯಿಂದ ತೆಗೆದರೆ ಒಳಗಿನ ಚಿತ್ರವನ್ನು ಲೆಕ್ಕದಿಂದ ಕಟ್ಟಬಹುದು ಎಂದು ಆಸ್ಟ್ರಿಯಾದ ಗಣಿತಜ್ಞ ರೇಡಾನ್ 1917ರಲ್ಲೇ ಸಾಧಿಸಿದ್ದ. ಆದರೆ ಆ ಲೆಕ್ಕ ಬಲು ಭಾರ. 1971ರಲ್ಲಿ ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಅದಕ್ಕೊಂದು ಹಗುರವಾದ ದಾರಿ ಕೊಟ್ಟರು. ಪ್ರತಿ ನೆರಳನ್ನೂ ಮೊದಲು ಒಂದು ಸೋಸುಗಣಿತದಲ್ಲಿ ತಿದ್ದಿ, ಆಮೇಲೆ ಬಂದ ದಿಕ್ಕಿಗೇ ಹಿಂದಕ್ಕೆ ಹರಡುವುದು. ಅದೇ ವರ್ಷ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್ ತಮ್ಮ ಯಂತ್ರದಿಂದ ಮೊದಲ ರೋಗಿಯ ತಲೆಯ ಸಿಟಿ ತೆಗೆದರು. ಅವರದು ಬೇರೆಯೇ ಲೆಕ್ಕ. ಮುಂದಿನ ಯಂತ್ರಗಳು ಸೋಸಿ ಹರಡುವ ದಾರಿಗೇ ಬಂದವು, ದಶಕಗಳ ಕಾಲ ಅದರಲ್ಲೇ ನಡೆದವು. ಪಠ್ಯಪುಸ್ತಕಗಳಲ್ಲಿ ಈಗಲೂ ಅದರ ಹೆಸರು ‘ರಾಮ್-ಲಕ್ ಫಿಲ್ಟರ್’.

ನಿಮ್ಮ ಮನೆಯವರ ಮಾತಿನಲ್ಲೂ ಒಂದು ಸತ್ಯವಿದೆ. ಎರಡೂ ವಿಚಾರಗಳಿಗೆ ಬೆಂಗಳೂರಿನ ನಂಟಿತ್ತು, ಯಂತ್ರಗಳು ಮಾತ್ರ ಬೇರೆ ದೇಶಗಳಲ್ಲಿ ತಯಾರಾದವು. ಸೂರ್ಯನ್ ಅವರ ಪಕ್ಕದಲ್ಲಿ ಕಾಂತ ಕಟ್ಟುವ ಕಂಪನಿಯಾಗಲಿ, ಅಳತೆಯನ್ನು ರೋಗಿಯ ಮೇಲೆ ನೋಡಬಲ್ಲ ಆಸ್ಪತ್ರೆಯಾಗಲಿ ಇರಲಿಲ್ಲ. ನನಗೆ ನೋವಿರುವುದು ಇಲ್ಲೇ. ವಿಜ್ಞಾನ ಸಂಸ್ಥೆ ತನ್ನ ಆವರಣದಲ್ಲೇ 800 ಹಾಸಿಗೆಗಳ ಆಸ್ಪತ್ರೆ ಕಟ್ಟುವುದಾಗಿ 2022ರಲ್ಲಿ ಪ್ರಕಟಿಸಿತು. ತಡವಾದರೂ ಸರಿಯಾದ ಹೆಜ್ಜೆ. ಅದೇ ಸಂಸ್ಥೆಯ ಎರಡನೇ ಆವರಣ ನಿಮ್ಮ ಜಿಲ್ಲೆಯ ಚಳ್ಳಕೆರೆ ಬಳಿ, ಕುದಾಪುರದಲ್ಲಿದೆ. ಮೇಷ್ಟ್ರ ಜೊತೆ ಒಮ್ಮೆ ಹೋಗಿ ಬಾ. ಭೌತಶಾಸ್ತ್ರವನ್ನೇ ಓದು, ಗಣಿತ ಬಿಡಬೇಡ.

ಪ್ರಶ್ನೆ: ನಮ್ಮ ತಂದೆಗೆ ಲಕ್ವ ಹೊಡೆದಾಗ ಮೊದಲು ತಲೆಯ ಸಿಟಿ ಮಾಡಿಸಿದರು, ಆಮೇಲೆ ಎಂಆರ್‌ಐ ಬರೆದುಕೊಟ್ಟರು. ಎರಡೂ ಬೇಕಿತ್ತೇ? ಅಷ್ಟೊಂದು ಕಿರಣ ತಲೆಗೆ ಬಿದ್ದರೆ ಅಪಾಯವಿಲ್ಲವೇ?
– ಮಂಡಿ ವ್ಯಾಪಾರಿ, ಭೀಮಸಮುದ್ರ

ಉತ್ತರ: ಎರಡೂ ಬೇರೆ ಬೇರೆ ಕೆಲಸ ಮಾಡುತ್ತವೆ. ಲಕ್ವದಲ್ಲಿ ಮೊದಲು ಗೊತ್ತಾಗಬೇಕಾದದ್ದು, ತಲೆಯಲ್ಲಿ ರಕ್ತಸ್ರಾವವಾಗಿದೆಯೋ, ರಕ್ತನಾಳ ಕಟ್ಟಿಕೊಂಡಿದೆಯೋ ಎಂಬುದು. ಹೊಸ ರಕ್ತಸ್ರಾವ ಸಿಟಿಯಲ್ಲಿ ಬೆಳ್ಳಗೆ, ಕೂಡಲೇ ಕಾಣುತ್ತದೆ. ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾದ್ದರಿಂದ ಬೇಗ ಮುಗಿಯುವ ಪರೀಕ್ಷೆಯೇ ಮೊದಲು. ಆದರೆ ನಾಳ ಕಟ್ಟಿ ಹಾಳಾದ ಭಾಗ ಮೊದಲ ಕೆಲವು ಗಂಟೆ ಸಿಟಿಯಲ್ಲಿ ಕಾಣದೆ ಹೋಗಬಹುದು. ಅಲ್ಲಿ ಜೀವಕೋಶಗಳು ಊದಿ, ನೀರಿನ ಅಣುಗಳ ಓಡಾಟಕ್ಕೆ ತಡೆ ಬೀಳುತ್ತದೆ. ಎಂಆರ್‌ಐ ಆ ಓಡಾಟವನ್ನೇ ಅಳೆಯುತ್ತದೆ. ಅಣುಗಳ ಈ ಚಂಚಲತೆಗೆ ಐನ್‌ಸ್ಟೈನ್ ಲೆಕ್ಕ ಬರೆದದ್ದು 1905ರಲ್ಲಿ.

ಕಿರಣದ ಮಾತು: ತಲೆಯ ಒಂದು ಸಿಟಿಯ ಪ್ರಮಾಣ ಸುಮಾರು 2 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ವರ್ಷವಿಡೀ ಎಲ್ಲರಿಗೂ ತಾಗುವುದು ಸರಾಸರಿ 2.4. ಎಂಆರ್‌ಐನಲ್ಲಿ ಎಕ್ಸ್-ರೇ ಇಲ್ಲವೇ ಇಲ್ಲ. ಆ ಹೊತ್ತಿನಲ್ಲಿ ತಂದೆಯವರಿಗೆ ಸಿಟಿ ಮಾಡಿಸಿದ್ದು ಸರಿಯೇ. ಪೇಸ್‌ಮೇಕರ್ ಇದ್ದರೆ ಮಾತ್ರ ಎಂಆರ್‌ಐ ಕೋಣೆಗೆ ಹೋಗುವ ಮುನ್ನ ತಪ್ಪದೆ ಹೇಳಿ.

ಪ್ರಶ್ನೆ: ಯಜಮಾನರು ದಿನವೂ ಎಲೆಅಡಿಕೆ ಹಾಕುತ್ತಾರೆ, ತಂಬಾಕು ಇಲ್ಲ. ಈಚೆಗೆ ಖಾರ ತಿಂದರೆ ಬಾಯಿ ಉರಿ, ಬಾಯಿ ಪೂರ್ತಿ ತೆರೆಯಲೂ ಆಗುತ್ತಿಲ್ಲ. ಬೆಳಕು ಬಿಟ್ಟು ಕ್ಯಾನ್ಸರ್ ಹಿಡಿಯುವ ಸ್ಕ್ಯಾನ್ ಬಂದಿದೆಯಂತೆ. ಎಲ್ಲಿ ಮಾಡಿಸಬೇಕು?
– ಗೃಹಿಣಿ, ಹೊಳಲ್ಕೆರೆ

ಉತ್ತರ: ಸ್ಕ್ಯಾನಿಗೆ ಕಾಯಬೇಡಿ ತಾಯಿ. ಅವರ ಬಾಯಿಯೊಳಗೆ ಅವರದೇ ಮೂರು ಬೆರಳು ನೆಟ್ಟಗೆ ಹಿಡಿಸುತ್ತವೆಯೇ ನೋಡಿ. ಹಿಡಿಸದಿದ್ದರೆ ಕೆನ್ನೆಯ ಒಳಪದರ ಗಟ್ಟಿಯಾಗುತ್ತಿರಬಹುದು. ಅದು ಮುಂದೆ ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ, ಅದನ್ನು ತರುವುದು ಅಡಿಕೆಯೇ. ಅಡಿಕೆಯಿಂದಲೇ ಬದುಕು ಕಟ್ಟಿಕೊಂಡ ಸೀಮೆಯವರಿಗೆ ಇದನ್ನು ಬರೆಯುವುದು ಕಷ್ಟ. ಆದರೂ ಬರೆಯಲೇಬೇಕು: ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಸ್ಪಷ್ಟಪಡಿಸಿದೆ.

ನೀವು ಕೇಳಿದ ಬೆಳಕಿನ ಪರೀಕ್ಷೆ ಬಹುಶಃ ರಾಮನ್ ಪರಿಣಾಮವನ್ನು ಆಧರಿಸಿದ್ದು. ಅಂಗಾಂಶದ ಅಣುಗಳಿಗೆ ತಾಗಿ ಚದುರಿದ ಬೆಳಕಿನ ಅತಿಸಣ್ಣ ಪಾಲು ಬಣ್ಣ ಬದಲಿಸುತ್ತದೆ. ಅಣುಗಳು ಬೇರೆಯಾದರೆ ಆ ಬದಲಾವಣೆಯೂ ಬೇರೆ. 1928ರ ಈ ಶೋಧದಿಂದ ಬಾಯಿ ಕ್ಯಾನ್ಸರನ್ನು ಬೇಗ ಗುರುತಿಸುವ ಸಂಶೋಧನೆ ನಮ್ಮ ದೇಶದಲ್ಲೂ ನಡೆದಿದೆ. ಸಂಕೇತ ತೀರ ಕ್ಷೀಣ, ಉಪಕರಣ ದುಬಾರಿ. ತಾಲ್ಲೂಕು ಆಸ್ಪತ್ರೆಯ ದಿನನಿತ್ಯದ ಪರೀಕ್ಷೆಯಾಗಿ ಅದು ಇನ್ನೂ ಬಂದಿಲ್ಲ.

ಎಲೆಅಡಿಕೆಯನ್ನು ಇವತ್ತೇ ನಿಲ್ಲಿಸಲಿ. ಈ ವಾರವೇ ದಂತ ವೈದ್ಯರಿಗೋ ಕಿವಿ-ಮೂಗು-ಗಂಟಲಿನ ವೈದ್ಯರಿಗೋ ತೋರಿಸಿ. ಬಿಳಿ ಇಲ್ಲವೇ ಕೆಂಪು ಕಲೆ, ಮಾಯದ ಹುಣ್ಣು ಇದ್ದರೆ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಬೇಡ ಎನ್ನಬೇಡಿ.