ಉಳಿಸಿದವರಿಗೆ ಅರವತ್ತೆಂಟು

ಗೋಕಾಕದ ನಮ್ಮ ಮನೆಯಲ್ಲಿ 2016ರಲ್ಲೇ ಅರವತ್ತು ವ್ಯಾಟಿನ ನಾಲ್ಕೂ ಬಲ್ಬ್ ತೆಗೆದು ಒಂಬತ್ತು ವ್ಯಾಟಿನ ಎಲ್‌ಇಡಿ ಹಾಕಿದ್ದೆ. ತಿಂಗಳಿಗೆ ಮೂವತ್ತು ಯೂನಿಟ್ ಉಳಿಯಿತು. 2023ರಲ್ಲಿ ರಾಜ್ಯ ಸರ್ಕಾರದ ಪುಕ್ಕಟೆ ಕರೆಂಟಿನ ಯೋಜನೆ ಗೃಹಜ್ಯೋತಿ ಬಂದಾಗ ಆ ಜಾಣತನವೇ ಉಲ್ಟಾ ಹೊಡೆಯಿತು. ಪುಕ್ಕಟೆ ಕರೆಂಟಿಗೆ ಆಧಾರ 2022–23ರ ಸರಾಸರಿ, ಮೇಲೆ ಶೇಕಡಾ ಹತ್ತು. ನಮ್ಮ ಸರಾಸರಿ 62, ಸಿಕ್ಕಿದ್ದು 68. ಪಕ್ಕದ ಮನೆಯವರ ಸರಾಸರಿ 150, ಅವರಿಗೆ 165! ಏಳು ವರ್ಷ ಬಿಲ್ಲಿನಲ್ಲಿ ಉಳಿಸಿದ್ದು ನಾನೇ ಅನ್ನೋದು ಖರೆ, ಆದರೂ ಹೊಟ್ಟೆ ಉರಿಯಿತು.

ಹುಕ್ಕೇರಿ ಕಡೆಯ ಅಕ್ಕನ ಮನೆಗೆ ಕರೆಂಟು ಕೊಡುವುದು ನಮ್ಮ ಕಡೆಯ ವಿದ್ಯುತ್ ಕಂಪನಿ ಹೆಸ್ಕಾಂ ಅಲ್ಲ, 1969ರ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ನಿಯಮ ಮಾತ್ರ ಅದೇ. ಅವಳ ಸರಾಸರಿ ನಲವತ್ತು. 48ರ ಒಳಗಿನವರಿಗೆ ಶೇಕಡಾ ಹತ್ತರ ಬದಲು ಹತ್ತು ಯೂನಿಟ್ ಎಂದು 2024ರಲ್ಲಿ ಬದಲಾದ ಮೇಲೆ ಐವತ್ತು ಸಿಕ್ಕಿತು.

ಪೆಟ್ಟು ತಿಂದವರು ಮೂಡಲಗಿಯ ಮಾವ. ಸರಾಸರಿ 180ರ ಮೇಲೆ. ಯೋಜನೆಯ ಮಿತಿ ತಿಂಗಳಿಗೆ ಇನ್ನೂರು ಯೂನಿಟ್, ಅದು ದಾಟಿದರೆ ಹೆಚ್ಚಾದದ್ದಕ್ಕಷ್ಟೇ ಅಲ್ಲ, ಇಡೀ ಬಿಲ್ಲು ಕಟ್ಟಬೇಕು. ಒಂದು ಚಳಿಗಾಲ ಮೀಟರ್ 206 ತೋರಿಸಿತು. ಆಗ ಯೂನಿಟ್ಟಿಗೆ ಸುಮಾರು ಆರು ರೂಪಾಯಿ. ಆರು ಯೂನಿಟ್ಟಿನ ಆಸೆಗೆ ಸಾವಿರದಿನ್ನೂರರ ಮೇಲೆ ಹೋಯಿತು. ಕಾರಣ ಸ್ನಾನದ ನೀರಿನ ಕಾಯಿಲ್: 1500 ವ್ಯಾಟ್, ನಲವತ್ತು ನಿಮಿಷಕ್ಕೆ ಒಂದು ಯೂನಿಟ್. ಈಗ ಮತ್ತೆ ಹಂಡೆ ಒಲೆಗೆ ಕಬ್ಬಿನ ರವದಿ ತುಂಬುತ್ತಾರೆ. ಅತ್ತೆಯ ಕಣ್ಣಿಗೆ ಹೋಗುವ ಹೊಗೆ ಯಾವ ಬಿಲ್ಲಿನಲ್ಲೂ ಬರುವುದಿಲ್ಲ.

ನಾನೂ ತಪ್ಪು ಮಾಡಿದೆ. ಫ್ರಿಜ್ ಬಂದು ಪುಕ್ಕಟೆಯ 68 ದಾಟಿ 87 ಯೂನಿಟ್ ಆದಾಗ, ಕರೆಂಟು ಕಡಿಮೆ ತಿನ್ನುವ 28 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ತಂದು ಪಡಸಾಲೆಗೆ ಹಾಕಿದೆ, ಬಂದವರು ನೋಡಲಿ ಅಂತ! ಅಲ್ಲಿ ಫ್ಯಾನ್ ತಿರುಗುವುದು ದಿನಕ್ಕೆ ಒಂದು ತಾಸು. ಬಿಲ್ಲು ಅಲುಗಾಡಲಿಲ್ಲ. ಹದಿನೈದು ತಾಸು ತಿರುಗುವುದು ಅವ್ವನ ಕೋಣೆಯ 75 ವ್ಯಾಟಿನ ಹಳೇ ಫ್ಯಾನು. ಎರಡನ್ನೂ ಅದಲುಬದಲು ಮಾಡಿದೆ: ತಿಂಗಳಿಗೆ ಇಪ್ಪತ್ತು ಯೂನಿಟ್ ಇಳಿದು ಬಿಲ್ಲು ಮತ್ತೆ ಸೊನ್ನೆ. ಕೊಟ್ಟ 2800 ರೂಪಾಯಿ ವಾಪಸಾಗಲು ಎರಡು ವರ್ಷ ಸಾಕು.

ಗೋಕಾಕ ಫಾಲ್ಸಿನಲ್ಲಿ 1887ರಲ್ಲೇ ಕರೆಂಟು ತೆಗೆದಿದ್ದರೆಂದು ಹೆಮ್ಮೆಪಡುವ ಊರು ನಮ್ಮದು. ಅವ್ವನಿಗೆ ಮಾತ್ರ ಹೊಸ ಫ್ಯಾನಿನ ಮೇಲೆ ಸಿಟ್ಟು: “ಗಾಳಿ ಬರತೈತಿ ಖರೆ, ಸಪ್ಪಳ ಇಲ್ಲೋ ತಮ್ಮಾ. ನಿದ್ದಿನ ಹತ್ತವಲ್ದು.”